ಮಗ್ಗದ ಮೇಲಿರುವುದನ್ನು ಕೇಳಬಾರದು

ಯಾರಾದರೂ “ಈಗ ಏನು ಮಾಡ್ತಿದ್ದೀರಿ?” ಎಂದು ಕೇಳಿದರೆ ನನ್ನ ಬಾಯಿಂದ ತಾನಾಗಿಯೇ ಹೊರಡುವ ಉತ್ತರ “ಏನೂ ಇಲ್ಲ.” ಕೇಳಿದವರು ಬಸ್ಸಿನಲ್ಲಿ ಪಕ್ಕ ಕೂತವರಾಗಲಿ, ದೂರದ ನೆಂಟರಾಗಲಿ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಾಗಲಿ, ಭೇದವಿಲ್ಲ. ಮೊನ್ನೆ ನಾನು ಪಾಠ ಹೇಳುವ ಯಳಂದೂರಿನ ಶಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. ಸಮಾಜ ವಿಜ್ಞಾನದ ಟೀಚರು ಬಾಗಿಲಲ್ಲಿ ನಿಂತು “ಏನ್ ಮಾಡ್ತಿದ್ದೀರಿ ಮಿಸ್?” ಎಂದರು. ಕೈಯಲ್ಲಿ ಕೆಂಪು ಪೆನ್ನು, ಎದುರಿಗೆ ಪೇಪರಿನ ರಾಶಿ. “ಏನೂ ಇಲ್ಲ” ಎಂದೆ. ಅವರು ರಾಶಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸುಮ್ಮನೆ ಹೋದರು. ಜಂಬದವಳು ಎಂದುಕೊಂಡಿರಬೇಕು.

ಇದು ಜಂಬವಲ್ಲ, ವಿನಯವಂತೂ ಮೊದಲೇ ಅಲ್ಲ. ನಾನು ಬೆಳೆದ ಬೀದಿಯ ಗುಣ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಸಾಕು, ಆ ಬೀದಿ ಕಣ್ಣೊಳಗೆ ಬರುತ್ತದೆ. ಹೊರಗೆ ಗದ್ದೆಗಳ ಮೇಲೆ ತೆಳ್ಳಗೆ ಮಂಜು. ಅದರಾಚೆ ಬಿಳಿಗಿರಿರಂಗನ ಬೆಟ್ಟ ಇನ್ನೂ ಹಾಸಿಗೆ ಬಿಟ್ಟೇಳದವರ ಹಾಗೆ ಮಲಗಿರುತ್ತದೆ. ಕಿಟಕಿಯ ಸಡಿಲ ಗಾಜು ಟಕಟಕ ಎನ್ನುತ್ತಿರುತ್ತದೆ. ಅರ್ಧ ನಿದ್ದೆ, ಅರ್ಧ ಎಚ್ಚರ. ನೀವೂ ದಿನಾ ಬಸ್ಸಿನಲ್ಲಿ ಓಡಾಡುವವರಾದರೆ ಆ ಸುಖ ಬಲ್ಲಿರಿ. ಆ ಅರ್ಧ ನಿದ್ದೆಯಲ್ಲಿ ನನಗೆ ಕೇಳುವುದು ಗಾಜಲ್ಲ, ಅಪ್ಪನ ಮಗ್ಗ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರ ಬೀದಿ. ಮನೆಯೆಂದರೆ ಮುಂದೆ ಮಗ್ಗ, ಹಿಂದೆ ಒಲೆ, ನಡುವೆ ನಾವು. ಅಪ್ಪ ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಅವ್ವ ಗೋಡೆಗೆ ಒರಗಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ನನ್ನ ತೊಟ್ಟಿಲು ಮಗ್ಗದ ಪಕ್ಕದಲ್ಲೇ ತೂಗುತ್ತಿತ್ತಂತೆ. ಮಗ್ಗದ ಸದ್ದಿಗೆ ನಿದ್ದೆ, ಸದ್ದು ನಿಂತರೆ ಅಳು. ಬೇರೆ ಮಕ್ಕಳಿಗೆ ಲಾಲಿ ಹಾಡಬೇಕಿತ್ತು. ನನಗೆ ಅಪ್ಪ ಊಟಕ್ಕೆ ಏಳದಿದ್ದರೆ ಸಾಕಿತ್ತು. ಬಣ್ಣಗಳ ಹೆಸರು ಕಲಿಯುವ ಮೊದಲೇ ಬಣ್ಣಗಳ ವಾಸನೆ ಕಲಿತಿದ್ದೆ ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಹೊಸದಾಗಿ ಬಣ್ಣ ಹಾಕಿಸಿ ತಂದ ಹಸಿರು ನೂಲಿಗೆ ಒಂದು ವಾಸನೆ, ಕಡುಗೆಂಪಿಗೆ ಇನ್ನೊಂದು. ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ, ಯಾರೂ ಪರೀಕ್ಷೆ ಮಾಡದಿದ್ದರೆ.

ಆ ಬೀದಿಗೆ ಒಂದು ಕಟ್ಟುಪಾಡಿತ್ತು. ಮಗ್ಗದ ಮೇಲಿರುವ ಸೀರೆಯ ವಿಷಯ ಕೇಳಬಾರದು. ಎಷ್ಟಾಯಿತು, ಯಾವಾಗ ಮುಗಿಯುತ್ತದೆ, ಸೆರಗಿಗೆ ಏನು ಹಾಕಿದ್ದೀರಿ, ಒಂದೂ ಕೇಳಬಾರದು. ಚೆನ್ನಾಗಿದೆ ಎಂದಂತೂ ಅನ್ನಲೇಬಾರದು. ನೇಯುವವನೂ ತಾನಾಗಿ ಹೇಳಬಾರದು. ಹೇಳಿದರೆ ನೂಲು ತುಂಡಾಗುತ್ತದೆ ಎಂಬ ನಂಬಿಕೆ. ನೆರೆಯವರು ಬಂದರೆ ಮಗ್ಗದ ಪಕ್ಕದಲ್ಲೇ ನಿಂತು, ಮಗ್ಗವನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತ, ಮಳೆ, ಕರೆಂಟು, ಸೊಸೆಯಂದಿರ ವಿಷಯ ಮಾತಾಡಿ ಹೋಗುತ್ತಿದ್ದರು. ಸೀರೆ ಕುಯ್ದು ಮಡಿಸಿದ ಮೇಲೆ ಮಾತ್ರ ಬೀಗ ತೆಗೆದ ಹಾಗೆ. ಆಗ ಯಾರು ಏನು ಬೇಕಾದರೂ ಕೇಳಬಹುದು.

ನನ್ನ ಅಜ್ಜಿ ಈ ಕಟ್ಟುಪಾಡನ್ನು ಮಗ್ಗದಿಂದ ಇಳಿಸಿ ಇಡೀ ಲೋಕಕ್ಕೆ ಹಬ್ಬಿಸಿದ್ದಳು. ಒಲೆಯ ಮೇಲಿನ ಪಾಯಸದ ಬಗ್ಗೆ ಕೇಳುವ ಹಾಗಿಲ್ಲ. ಎದುರುಮನೆಯ ಸೊಸೆ ತುಂಬು ಬಸುರಿಯಾಗಿ ಬಾಗಿಲಲ್ಲಿ ನಿಂತಿದ್ದರೂ ನಮ್ಮ ಅಜ್ಜಿಗೆ ಕಾಣುತ್ತಿರಲಿಲ್ಲ. ಮಗು ಹುಟ್ಟಿದ ಮೇಲೆ “ಅಯ್ಯೋ, ಗೊತ್ತೇ ಇರ್ನಿಲ್ಲ ಕನವ್ವಾ” ಎಂದು ಹೋಗಿ ಬಾಣಂತಿಯ ತಲೆ ನೇವರಿಸುತ್ತಿದ್ದಳು. ಒಮ್ಮೆ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದೆವು. ಹನೂರು ದಾಟಿ ಕಾಡು ಶುರುವಾಗಿತ್ತು. ನಾನು “ಬೆಟ್ಟ ಬಂತಾ?” ಎಂದೆ. ಅಜ್ಜಿ ನನ್ನ ಬಾಯಿಗೆ ಒಂದು ಹಿಡಿ ಕಡಲೆಪುರಿ ತುರುಕಿದಳು. ದಾರಿಯಲ್ಲಿರುವ ಬಸ್ಸೂ ಅವಳ ಲೆಕ್ಕದಲ್ಲಿ ಮಗ್ಗದ ಮೇಲಿನ ಸೀರೆಯೇ. ಮುಂದಿನ ಸೀಟಿನವರು ಕಂಡಕ್ಟರನ್ನು “ಇನ್ನೆಷ್ಟೊತ್ತು ಸಾ?” ಎಂದು ಕೇಳಿದಾಗ ಅಜ್ಜಿ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದದ್ದು ಬಸ್ಸಿನ ಟಯರಿಗಾಗಿ.

ಇಂಥ ಮನೆಯಲ್ಲಿ ಬೆಳೆದವಳು ವಿಜ್ಞಾನ ಓದುತ್ತೇನೆಂದು ಹೊರಟೆ. ಅದಕ್ಕೂ ಕಾರಣ ಮಗ್ಗವೇ.

ಅಪ್ಪ ಮಗ್ಗದ ಕಂಬ ನೆಟ್ಟಗಿದೆಯೇ ಎಂದು ನೋಡಲು ಹಿಂದೆಂದೋ ತೊಲೆಯಿಂದ ಒಂದು ರೇಷ್ಮೆ ಎಳೆಗೆ ಹಳೆಯ ಬೀಗ ಕಟ್ಟಿ ಇಳಿಬಿಟ್ಟಿದ್ದ. ಕೆಲಸ ಮುಗಿದ ಮೇಲೆ ಬಿಚ್ಚುವುದು ಮರೆತಿತ್ತು. ಮಳೆ ಹಿಡಿದ ದಿನ ಆ ಬೀಗ ನೆಲ ಮುಟ್ಟುತ್ತಿತ್ತು. ಬಿಸಿಲಾದ ದಿನ ನೆಲಕ್ಕೂ ಅದಕ್ಕೂ ನಡುವೆ ಒಂದು ಕಾಗದ ತೂರುವಷ್ಟು ಸಂದು. ಗಾಳಿಯ ಪಸೆ ಕುಡಿದು ರೇಷ್ಮೆ ಉದ್ದವಾಗುತ್ತದೆ ಎಂಬುದು ನನಗೆ ಹೊಳೆಯಲು ಒಂದು ಮಳೆಗಾಲವೇ ಬೇಕಾಯಿತು. ಹೊಳೆದ ಮೇಲೆ ನಿದ್ದೆ ಬರಲಿಲ್ಲ. ಬೀಗವನ್ನು ಸ್ವಲ್ಪ ಎತ್ತಿ ಕಟ್ಟಿ, ಅದಕ್ಕೆ ಒಂದು ಕಡ್ಡಿಯ ತುದಿ ಬಿಗಿದು, ಇನ್ನೊಂದು ತುದಿಯನ್ನು ಕಂಬಕ್ಕೆ ಸಡಿಲವಾಗಿ ಸಿಕ್ಕಿಸಿ, ಕಡ್ಡಿಗೆ ಒಡೆದ ಕನ್ನಡಿಯ ಚೂರು ಅಂಟಿಸಿ, ಅದಕ್ಕೆ ಟಾರ್ಚಿನ ಬೆಳಕು ಬೀಳುವಂತೆ ಮಾಡಿದೆ. ಕನ್ನಡಿ ಕೂದಲೆಳೆಯಷ್ಟು ಓರೆಯಾದರೆ ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕಿ ಗೇಣುದ್ದ ಹತ್ತುತ್ತಿತ್ತು.

ಆ ಚುಕ್ಕಿಯ ಜೊತೆ ನಾನು ಕಳೆದ ಮಧ್ಯಾಹ್ನಗಳನ್ನು ಏನೆಂದು ಹೇಳಲಿ. ಅವ್ವ ಅನ್ನ ಬಸಿದರೆ ಚುಕ್ಕಿ ನಿಧಾನಕ್ಕೆ ಮೇಲೇರುತ್ತಿತ್ತು. ಒದ್ದೆ ಬಟ್ಟೆ ಒಳಗೆ ಹರವಿದರೆ ಏರುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಸುಮ್ಮನೆ ಏರತೊಡಗಿ, ಸಂಜೆಗೆ ದಢಾರನೆ ಮಳೆ ಬರುತ್ತಿತ್ತು. ನಾನು ಚಾಪೆಯ ಮೇಲೆ ಮಲಗಿ ನೋಡುತ್ತಿದ್ದೆ. ಅತ್ತ ಮಗ್ಗದ ಸದ್ದು, ಇತ್ತ ಗೋಡೆಯ ಮೇಲೆ ಮನೆಯ ಉಸಿರಾಟ. ಆದರೆ ಒಂದು ತೊಡಕಿತ್ತು. ಏರಿದ ಚುಕ್ಕಿ ಇಳಿಯುವಾಗ ಹಳೆಯ ಜಾಗಕ್ಕೆ ಬರುತ್ತಿರಲಿಲ್ಲ. ಪ್ರತಿ ಸಲ ಸ್ವಲ್ಪ ಮೇಲೆಯೇ ನಿಂತುಬಿಡುತ್ತಿತ್ತು. ಎಳೆ ದಣಿಯುತ್ತದೆಯೋ, ಕಡ್ಡಿ ಬಾಗುತ್ತದೆಯೋ ತಿಳಿಯಲಿಲ್ಲ. ಎಳೆ ಬದಲಿಸಿದೆ, ಕಡ್ಡಿ ಬದಲಿಸಿದೆ, ಚುಕ್ಕಿಯ ಹಟ ಬದಲಾಗಲಿಲ್ಲ. ಮನೆಯವರು ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದರೇ ಹೊರತು ಅದೇನು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಬಾರದು, ಅದಿನ್ನೂ ಮುಗಿದಿಲ್ಲವಲ್ಲ.

ಪಿಯುಸಿಯಲ್ಲಿ ನಮಗೆ ಭೌತಶಾಸ್ತ್ರ ಹೇಳುತ್ತಿದ್ದವರು ಮಾದೇವಸ್ವಾಮಿ ಮೇಷ್ಟ್ರು. ಹನೂರಿನ ಕಡೆಯವರು. ಒಡೆಯರಪಾಳ್ಯದಲ್ಲಿ ಬಂದು ನೆಲೆಸಿರುವ ಟಿಬೆಟಿನವರ ಜೋಳದ ಹೊಲಗಳ ಪಕ್ಕದಲ್ಲೇ ಅವರ ಜಮೀನು. ದಿನಾ ಬಸ್ಸಿನಲ್ಲಿ ಬಂದು, ಬೂಟಿನಲ್ಲಿ ಹೊಲದ ಮಣ್ಣು ಇದ್ದ ಹಾಗೇ ಪಾಠ ಮಾಡುತ್ತಿದ್ದರು. ಒಂದು ದಿನ ಅವರು ಒಂದು ದೊಡ್ಡ ವಿಜ್ಞಾನ ವಿಶ್ವವಿದ್ಯಾಲಯದ ವಿಷಯ ಹೇಳಿದರು. ಅಲ್ಲಿ ಪಿಯುಸಿ ಮುಗಿಸಿದ ಮಕ್ಕಳನ್ನೇ ಸಂಶೋಧನೆಗೆ ಕೂರಿಸುತ್ತಾರಂತೆ. ದೇಶದ ಮೂಲೆಮೂಲೆಯಿಂದ ಅರ್ಜಿ ಹಾಕುತ್ತಾರೆ, ಬೆರಳೆಣಿಕೆಯಷ್ಟು ಮಂದಿಯನ್ನು ಆರಿಸುತ್ತಾರೆ. ಪರೀಕ್ಷೆ ಬರೆಯಬೇಕು, ಅರ್ಜಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಬೇಕು, ಆಮೇಲೆ ಸಂದರ್ಶನ.

ಮೇಷ್ಟ್ರ ಮೊಬೈಲಿನಲ್ಲಿ ಆ ಜಾಗದ ಒಂದು ಫೋಟೊ ನೋಡಿದೆ. ಕತ್ತಲೆ ಕೋಣೆ, ಒಂದು ಮೇಜು, ನನ್ನ ವಯಸ್ಸಿನ ಹುಡುಗಿಯೊಬ್ಬಳು ಬಗ್ಗಿ ಏನನ್ನೋ ನೋಡುತ್ತಿದ್ದಾಳೆ, ಅವಳ ಹಿಂದಿನ ಗೋಡೆಯ ಮೇಲೆ ಬೆಳಕಿನ ಚುಕ್ಕಿ. ನನಗೆ ಅಲ್ಲಿಗೆ ಹೋಗಬೇಕೆನಿಸಿತು. ಅಷ್ಟು ಆಸೆಯನ್ನು ನಾನು ಯಾವ ಸೀರೆಗೂ, ಯಾವ ಊರಿಗೂ ಪಟ್ಟವಳಲ್ಲ. ಬಸ್ಸಿಗೆ ಕಾಯುವಾಗ, ತಲೆ ಬಾಚುವಾಗ, ಅಜ್ಜಿಯ ಕಾಲು ಒತ್ತುವಾಗ ಆ ಕತ್ತಲೆ ಕೋಣೆಯೊಳಗೆ ಒಂದು ಸುತ್ತು ಹೋಗಿಬರುತ್ತಿದ್ದೆ. ಅಲ್ಲಿನ ಮೇಜಿನ ಮೇಲೆ ಎಲ್ಲೆಲ್ಲಿ ಏನಿಡಬೇಕೆಂದು ಕೂಡ ಯೋಚಿಸಿಟ್ಟಿದ್ದೆ.

ಪರೀಕ್ಷೆ ಬರೆದೆ. ಅರ್ಜಿಯನ್ನೂ ತುಂಬಿ ಕಳಿಸಿದೆ. ಕಳಿಸಿದ ಮಾರನೆಯ ದಿನ ಮೇಷ್ಟ್ರು ಅದನ್ನು ತೆರೆದು ನೋಡಿ ಬೆಂಚಿನ ಮೇಲೆ ಕುಸಿದರು. “ಸದ್ಯ ನೀವು ಕೈಗೊಂಡಿರುವ ಕೆಲಸವನ್ನು ವಿವರಿಸಿ” ಎಂಬ ಪ್ರಶ್ನೆಗೆ ಅರ್ಧ ಪುಟ ಜಾಗ ಬಿಟ್ಟಿದ್ದರು. ನಾನು ಇಂಗ್ಲಿಷಿನಲ್ಲಿ “ನಿಲ್”, ಏನೂ ಇಲ್ಲ, ಎಂದು ಬರೆದಿದ್ದೆ.

“ಏನ್ ಮಗಾ ಹಿಂಗ್ ಮಾಡ್ಬುಟ್ಟೆ?” ಎಂದರು ಮೇಷ್ಟ್ರು. “ನಿಮ್ಮನೇಲಿ ಗೋಡೆ ಮೇಲೆ ಚುಕ್ಕಿ ಓಡಾಡ್ತದೆ ಅಂತ ನಿನ್ ಫ್ರೆಂಡು ಏಳ್ತಿದ್ಲಲ್ಲ. ಅದೇನು?”

“ಅದಿನ್ನೂ ಮುಗ್ದಿಲ್ಲ ಸಾ.”

“ಮುಗ್ದಿಲ್ದೇ ಇರೋದ್ನೇ ಕಣವ್ವಾ ಅವ್ರು ಕೇಳಿರೋದು.”

“ಮುಗ್ಯಕ್ಕೆ ಮುಂಚೆ ಏಳ್ಬಾರ್ದಲ್ಲ ಸಾ.”

ಮೇಷ್ಟ್ರು ನಕ್ಕರು. “ನಮ್ಮೂರಲ್ಲಿ ಬಿತ್ತನೆ ಬೀಜ ತರೋಕ್ ಮುಂಚೇನೆ ಈ ಸಲ ಜೋಳ ಎಂಗಿರ್ತದೆ ಅಂತ ಟೀ ಅಂಗ್ಡೀಲಿ ಬೆಳ್ದು, ಕುಯ್ದು, ಮಾರೂಬುಡ್ತಾರೆ. ನೀವ್ ನೋಡುದ್ರೆ ಹಿಂಗೆ. ಎರಡು ಊರ್ಗೂ ಒಂದೇ ಬಸ್ಸು, ಏನ್ ಪ್ರಯೋಜ್ನ.” ನಗುತ್ತಿದ್ದರೂ ಅವರ ಮುಖ ಸಪ್ಪಗಾಗಿತ್ತು. ಕಳಿಸಿದ ಅರ್ಜಿಯನ್ನು ತಿದ್ದುವ ಹಾಗಿರಲಿಲ್ಲ. ಒಂದು ಮಾತಿಗೆ ಆ ಕತ್ತಲೆ ಕೋಣೆಯ ಬಾಗಿಲನ್ನು ನಾನೇ ಎಳೆದುಕೊಂಡೆನೇನೋ.

ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಪರೀಕ್ಷೆಗೆ ಹೋಗುವಾಗ ಅಪ್ಪನೇ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದ; ವಾಪಸು ಬಂದಾಗ “ಉಂಡೇನವ್ವಾ?” ಎಂದಷ್ಟೇ ಕೇಳಿದ್ದ. ಕಟ್ಟುಪಾಡು ನನಗೆ ಗೊತ್ತಿತ್ತು. ಆದರೂ ಹದಿನೇಳರ ಹುಡುಗಿಗೆ ಗೊತ್ತಿರುವುದು ಬೇರೆ, ಅನಿಸುವುದು ಬೇರೆ. ಅಪ್ಪನಿಗೆ ನಾನು ಹೋಗುವುದು ಇಷ್ಟವಿಲ್ಲವೇನೋ ಎಂಬ ಅನುಮಾನ ನನ್ನೊಳಗೆ ಬೇರು ಬಿಡುತ್ತಿತ್ತು. ಮಗ್ಗದಿಂದ ತಲೆ ಎತ್ತಿ ಒಂದೇ ಒಂದು ಸಲ ಏನಾಯಿತು ಎಂದು ಕೇಳಬಾರದೇ ಎಂದು ಆ ದಿನಗಳಲ್ಲಿ ಅಪ್ಪನ ಬೆನ್ನನ್ನೇ ನೋಡುತ್ತ ಕೂರುತ್ತಿದ್ದೆ. ಬೆನ್ನು ಅದರ ಪಾಡಿಗೆ ಅದು ಹಿಂದೆ ಮುಂದೆ ಆಡುತ್ತಿತ್ತು.

ಪರೀಕ್ಷೆಯ ಅಂಕಗಳ ಪುಣ್ಯ, ಸಂದರ್ಶನಕ್ಕೆ ಕರೆ ಬಂತು. ವಿಡಿಯೊದಲ್ಲಿ, ಮನೆಯಿಂದಲೇ. ಮೇಷ್ಟ್ರು ತಮ್ಮ ಲ್ಯಾಪ್‌ಟಾಪು ತಂದು ಅವ್ವನ ಟ್ರಂಕಿನ ಮೇಲಿಟ್ಟು ಸರಿ ಮಾಡಿಕೊಟ್ಟರು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಮೂಲೆಯಲ್ಲಿ, ಮಗ್ಗದ ಪಕ್ಕ. ಆದ್ದರಿಂದ ಮಗ್ಗ ನಿಲ್ಲಬೇಕು. ನಮ್ಮದೊಂದು ನಿಂತರೆ ಸಾಲದು, ಅಕ್ಕಪಕ್ಕದ ಗೋಡೆಗಳೆಲ್ಲ ಸೇರಿಕೊಂಡಿವೆ, ಬೀದಿಯೇ ನಿಲ್ಲಬೇಕು. ಯಾಕೆ ನಿಲ್ಲಿಸಬೇಕೆಂದು ಹೇಳುವ ಹಾಗೂ ಇಲ್ಲ.

ಅಪ್ಪ ಬೆಳಿಗ್ಗೆ ಎದ್ದು ಮನೆಮನೆಗೆ ಹೋದ. ಬಾಗಿಲಲ್ಲಿ ನಿಂತು “ಹನ್ನೊಂದ್ ಗಂಟೆಗೆ ಸ್ವಲ್ಪೊತ್ತು ಮಗ್ಗ ನಿಲ್ಸಿರಪ್ಪ” ಎಂದ. ಅವರು “ಆಗ್ಲಿ ಕನಪ್ಪ” ಎಂದರು. ಅಷ್ಟೇ ಮಾತು. ಒಬ್ಬರೂ ಯಾಕೆ ಎನ್ನಲಿಲ್ಲ. ಬೇರೆ ಬೀದಿಯಾಗಿದ್ದರೆ ನೂರು ಪ್ರಶ್ನೆ ಬರುತ್ತಿದ್ದವು.

ನಾನು ಮೇಲೆ ಇಸ್ತ್ರಿ ಮಾಡಿದ ಕಾಲರಿನ ಅಂಗಿ, ಕೆಳಗೆ ಮನೆಯ ಲಂಗ ತೊಟ್ಟು ಕೂತೆ. ಕ್ಯಾಮೆರಾಕ್ಕೆ ಕಾಣದ ಅರ್ಧದಲ್ಲಿ ನಾನಿನ್ನೂ ಐದನೇ ಕ್ಲಾಸಿನವಳು. ಅವ್ವ ಜಡೆಗೆ ಮಲ್ಲಿಗೆ ಮುಡಿಸಿದಳು. ವಿಜ್ಞಾನಕ್ಕೂ ಮಲ್ಲಿಗೆಗೂ ಏನು ಸಂಬಂಧ ಎಂದು ತೆಗೆದೆ. ಅವಳು ಮತ್ತೆ ಮುಡಿಸಿದಳು. ಹನ್ನೊಂದಕ್ಕೆ ಒಂದೊಂದೇ ಮಗ್ಗ ನಿಲ್ಲುತ್ತ ಬಂತು. ದೂರದ್ದು ಮೊದಲು, ಪಕ್ಕದ್ದು ಕೊನೆಗೆ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು ಇಳಿದುಹೋಗಿ, ನಮ್ಮ ಬೀದಿಯಲ್ಲಿ ಗುಬ್ಬಚ್ಚಿಗಳಿವೆ ಎಂದು ನನಗೆ ಮೊದಲ ಸಲ ಗೊತ್ತಾಯಿತು. ಎಲ್ಲ ಕನಸಿನಲ್ಲಿ ನಡೆಯುತ್ತಿರುವ ಹಾಗಿತ್ತು.

ಪರದೆಯ ಮೇಲೆ ಮೂವರು ಬಂದರು. ಲೋಲಕದ ವಿಷಯ, ಬೆಳಕಿನ ವಿಷಯ ಕೇಳಿದರು. ನನ್ನ ಇಂಗ್ಲಿಷು ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತಿತ್ತು, ಆದರೂ ಬಂತು. ಅಷ್ಟರಲ್ಲಿ ಕೆಲಸ ನಿಲ್ಲಿಸಿದ ಬೀದಿಯ ಜನ ಒಬ್ಬೊಬ್ಬರಾಗಿ ನಮ್ಮ ಮನೆಯೊಳಗೆ ಬಂದು, ಅಪ್ಪನ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಒರಗಿ ನಿಂತರು. ಯಾರೂ ನನ್ನತ್ತ ನೋಡಲಿಲ್ಲ. ಮಗ್ಗದ ಪಕ್ಕ ನಿಂತು ಮಗ್ಗ ನೋಡದ ಅಭ್ಯಾಸ ಇದ್ದವರು.

ಮೂವರಲ್ಲಿ ಕನ್ನಡಕದ ಹೆಂಗಸೊಬ್ಬರು ನನ್ನ ಅರ್ಜಿ ನೋಡುತ್ತ, ಸದ್ಯ ಏನೂ ಮಾಡುತ್ತಿಲ್ಲ ಎಂದು ಬರೆದಿದ್ದೀಯಲ್ಲ, ನಿಜವೇ ಎಂದರು. ಅವರು ಸ್ವಲ್ಪ ಮುಂದಕ್ಕೆ ಬಾಗಿದರು. ನಿನ್ನ ಹಿಂದೆ ಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕಿ ಇದೆ, ಆಗಿನಿಂದ ಮೇಲಕ್ಕೆ ಹೋಗುತ್ತಿದೆ, ಏನದು?

ಬೆಳಿಗ್ಗೆ ನೋಡಿ ಟಾರ್ಚು ಆರಿಸುವುದನ್ನು ಮರೆತಿದ್ದೆ. ಅಷ್ಟು ಜನರ ಉಸಿರಿಗೆ ಚುಕ್ಕಿ ಏರುತ್ತಿತ್ತು. ಹೇಳಿದರೆ ಸೀಟು ಸಿಗಬಹುದು. ಆದರೆ ಅಪ್ಪ ಅಲ್ಲೇ ನಿಂತಿದ್ದಾನೆ, ಬೀದಿಯೇ ನಿಂತಿದೆ, ಅವರೆದುರಿಗೆ ಮುಗಿಯದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅಪ್ಪನ ಕಡೆ ನೋಡಿದೆ. ಅವನಿಗೆ ಇಂಗ್ಲಿಷು ಬರದು, ಆದರೆ ಆ ಹೆಂಗಸಿನ ಬೆರಳು ಎಲ್ಲಿ ತೋರಿಸುತ್ತಿದೆ ಎಂದು ಕಂಡಿತ್ತು.

ಅಪ್ಪ ಪಂಚೆ ಕೊಡವಿಕೊಂಡ. “ಬನ್ರಪ್ಪ, ಟೀ ಕುಡ್ದು ಬರಮ” ಎಂದು ಮೆಲ್ಲಗೆ ಅಂದು ಬಾಗಿಲು ತೆಗೆದ. ಎಲ್ಲರೂ ಅವನ ಹಿಂದೆ ಹೊರಟರು. ಅವ್ವ ಅಜ್ಜಿಯ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ಹೇಳಿದ ಹಾಗೂ ಆಗುವುದಿಲ್ಲವಲ್ಲ.

ನಾನು ಹೇಳಿದೆ. ಬೀಗ, ಕಡ್ಡಿ, ಕನ್ನಡಿ ಚೂರು, ಅನ್ನದ ಗಂಜಿ, ಎಲ್ಲ. ಈಗ ತಾನೇ ನಮ್ಮ ಬೀದಿಯವರು ಹೊರಗೆ ಹೋದರು, ನೋಡುತ್ತಿರಿ, ಇಳಿಯುತ್ತದೆ ಎಂದೆ. ಮೂವರೂ ನನ್ನ ಗೋಡೆಯನ್ನು ನೋಡಿದರು. ತೆರೆದ ಬಾಗಿಲಿನಿಂದ ಬಿಸಿಲಿನ ಗಾಳಿ ಬರುತ್ತಿತ್ತು. ಚುಕ್ಕಿ ನಿಂತಿತು, ಯೋಚಿಸಿತು, ಇಳಿಯತೊಡಗಿತು. ನನಗೆ ಅಳು ಬಂತು, ತಡೆದುಕೊಂಡೆ. ಹಳೆಯ ಜಾಗಕ್ಕೆ ಬರುವುದೇ ಎಂದು ಅವರು ಕೇಳಿದರು. ಬರುವುದಿಲ್ಲ ಎಂದೆ. ಯಾಕೆ? ಗೊತ್ತಿಲ್ಲ ಎಂದೆ. ಆ ಹೆಂಗಸು ನಕ್ಕರು. ಅದು ಒಳ್ಳೆಯ ನಗು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅಪ್ಪ ಟೀ ಕುಡಿದು ಬಂದವನು ಏನೂ ಕೇಳದೆ ಕುಣಿಗೆ ಇಳಿದ. ಬೀದಿಯ ಮಗ್ಗಗಳು ಮತ್ತೆ ಶುರುವಾದವು. ಗುಬ್ಬಚ್ಚಿಗಳು ಮುಳುಗಿಹೋದವು.

ಕೊನೆಯ ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ, ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ. ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದೆ ಕಾಯುವವರ ಸಾಲಿನಲ್ಲಿದ್ದೆ; ಆ ಸಾಲಿನವರಿಗೆ ಸೀಟು ಕೊಡುವುದೂ ಅಂದು ಮುಗಿದಿತ್ತು. ನನಗಿಂತ ಬುದ್ಧಿವಂತರು ಇದ್ದಿರಬೇಕು, ಖಂಡಿತ ಇದ್ದರು. ಮೇಷ್ಟ್ರು ಮಾತ್ರ ಇವತ್ತಿಗೂ ಆ “ನಿಲ್” ಅನ್ನೇ ಬೈಯುತ್ತಾರೆ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು “ಸಿಗ್ನಿಲ್ಲ ಅಪ್ಪ. ಮುಗೀತು” ಎಂದೆ. ಆ ಕತ್ತಲೆ ಕೋಣೆ, ಆ ಮೇಜು, ನಾನು ಜೋಡಿಸಿಟ್ಟಿದ್ದೆಲ್ಲ ಎದೆಯಿಂದ ಕಳಚಿಬಿದ್ದ ಹಾಗಾಯಿತು.

ಅಪ್ಪ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ “ಬಾ, ಕೂತ್ಕೊ” ಎಂದ. “ಅವತ್ತು ಅವ್ರು ಏನ್ ಕೇಳುದ್ರು?”

ನಾನು ಹೇಳಿದೆ.

“ನೀನೇನಂದೆ? ಆ ಕನ್ನಡ್ಕದವ್ವ ಯಾವೂರ್ನೋಳು? ಬೊಕ್ಕತಲೆಯವ್ನು ಆಗ್ಲಿಂದ ಬರ್ಕತಿದ್ನಲ್ಲ, ಏನ್ ಬರ್ಕಂಡ? ಪರೀಕ್ಷೆ ದಿನ ಬಸ್ ಲೇಟಾಯ್ತಾ? ತಲೆನೋವ್ ಬಂತಾ? ಮುಖ ಸಣ್ಗಾಗಿತ್ತಲ್ಲ. ಅಲ್ಲಿ ಆಸ್ಟ್ಲು ಇರ್ತಿತ್ತಾ? ಅನ್ನ ಕೊಡೋರಾ, ಬರೀ ಚಪಾತೀನಾ? ಆ ಚುಕ್ಕಿ ಯಾಕ್ ಮಗಾ ವಾಪಸ್ ಬರಕಿಲ್ಲ? ನಾನೂ ದಿನಾ ನೋಡ್ತಿದ್ನಲ್ಲ, ನೀನ್ ಕಾಲೇಜ್ಗೆ ಓದ್ಮೇಲೆ.”

ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅವ್ವ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಅಪ್ಪ ಕೇಳುತ್ತಲೇ ಇದ್ದ, ಒಂದು ಪ್ರಶ್ನೆ ಮುಗಿಯುವ ಮೊದಲು ಇನ್ನೊಂದು. ಯಾವ ದಿನ ನಾನು ಎಷ್ಟು ಊಟ ಮಾಡಿದೆ, ಯಾವ ದಿನ ಗೋಡೆ ನೋಡಿ ನಕ್ಕೆ, ಎಲ್ಲ ಅವನಿಗೆ ನೆನಪಿತ್ತು. ಇಷ್ಟು ಕಾಲ ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನೇಯುತ್ತಿದ್ದನಲ್ಲ ಎಂದು ನನಗೆ ದುಃಖ ಉಕ್ಕಿ ಬಂತು. ಅಪ್ಪನಿಗೆ ಇಷ್ಟವಿಲ್ಲವೇನೋ ಎಂದುಕೊಂಡಿದ್ದೆನಲ್ಲ. ಸೀಟು ಸಿಕ್ಕಿದ್ದರೆ ಆ ಓದೂ ಮಗ್ಗದ ಮೇಲೆಯೇ ಇರುತ್ತಿತ್ತು, ನನಗೆ ಇದೊಂದೂ ತಿಳಿಯುತ್ತಿರಲಿಲ್ಲ. ಸಂತೋಷವಾಗಿ ಹೋಗಿಬಿಡುತ್ತಿದ್ದೆ.

ಕೊನೆಗೆ ಅಪ್ಪ ದನಿ ತಗ್ಗಿಸಿ ಕೇಳಿದ. “ಇನ್ನೊಂದ್ ದಪ ಆಕ್ಬೋದಾ?”

“ಡಿಗ್ರಿ ಮುಗುಸ್ಕಂಡು ಆಕ್ಬೋದು ಅಪ್ಪ. ಎಮ್ಮೆಸ್ಸಿಗೆ.”

ಅಪ್ಪ ತಲೆಯಾಡಿಸಿದ. ಇನ್ನೇನೋ ಕೇಳಲು ತೆರೆದ ಬಾಯನ್ನು ಹಾಗೇ ಮುಚ್ಚಿ, ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಊಟಕ್ಕೆ ಕೈಯಿಟ್ಟ. ಅಂದಿನಿಂದ ಇವತ್ತಿನವರೆಗೆ ಆ ವಿಷಯ ಒಂದು ಮಾತೂ ಕೇಳಿಲ್ಲ, ನಾನೂ ಹೇಳಿಲ್ಲ.